ಹಳೆಯ ಅರಮನೆಯಲ್ಲಿ ಕಾಯ್ದಿರಿಸಿದ ಕೋಣೆ

ಪ್ರವಾಸವೆಂಬುದು ನಮ್ಮ ಹಿರಿಯರ ಕಾಲದಲ್ಲಿ ಯಾತ್ರೆಯಾಗಿತ್ತು. ಹೊರಟವನಿಗೆ ದಾರಿಯಲ್ಲಿ ಮಠವಿತ್ತು, ಛತ್ರವಿತ್ತು, ಬೀಗರ ಮನೆಯಿತ್ತು. ಸಂಜೆಯ ಹೊತ್ತಿಗೆ ಎಲ್ಲಿ ತಲುಪಿದರೆ ಅಲ್ಲಿಯೇ ಬಿಡಾರ. ಬಾಗಿಲಲ್ಲಿ ನಿಂತು ‘ಶರಣು’ ಎಂದರೆ ಒಳಗಿನಿಂದ ಕಾಲಿಗೆ ನೀರಿನ ತಂಬಿಗೆ ಬರುತ್ತಿತ್ತು. ಬರುವವರು ಯಾರೆಂಬುದು ಇರಗೊಡುವವರಿಗೆ ತಿಳಿದಿರುತ್ತಿರಲಿಲ್ಲ. ಇರುವ ಮನೆ ಎಂತಹುದೆಂಬುದು ಬರುವವರಿಗೂ ತಿಳಿದಿರುತ್ತಿರಲಿಲ್ಲ. ಆದುದರಿಂದ ಆಯ್ಕೆಯ ತೊಡಕೇ ಇರಲಿಲ್ಲ. ಇಂದು ಹಾಗಲ್ಲ. ಹೊರಡುವ ಎರಡು ತಿಂಗಳ ಮೊದಲೇ ಕೋಣೆಯನ್ನು ಕಾಯ್ದಿರಿಸಬೇಕು, ಮುಂಗಡ ಕೊಡಬೇಕು, ಕರಾರುಗಳನ್ನು ಒಪ್ಪಬೇಕು. ಕಾಯ್ದಿರಿಸಿದ ಮೇಲೆ ಹೋಗುವವರೆಗೂ ‘ಇದನ್ನೇ ಇಟ್ಟುಕೊಳ್ಳುವುದೋ, ಬಿಟ್ಟು ಬೇರೆ ನೋಡುವುದೋ’ ಎಂಬ ಡೋಲಾಯಮಾನ ಸ್ಥಿತಿ. ವಿಷಯ ಚಿಕ್ಕದು, ಆದರೆ ಚಿಕ್ಕ ವಿಷಯಗಳಲ್ಲಿಯೇ ಕುಟುಂಬದ ಮನಸ್ಸುಗಳು ಕೂಡುತ್ತವೆ ಅಥವಾ ಒಡೆಯುತ್ತವೆ ಎಂಬುದನ್ನು ಗೃಹಸ್ಥರಾದ ಓದುಗರು ಬಲ್ಲರು.

ನಮ್ಮ ಮನೆಯಲ್ಲಿ ಇಂತಹ ಪ್ರಸಂಗವೊಂದು 2022ರ ಡಿಸೆಂಬರಿನಲ್ಲಿ ಒದಗಿತು. ನಮ್ಮ ದಾಂಪತ್ಯಕ್ಕೆ ನಲವತ್ತು ವರ್ಷ ತುಂಬಿದುದರ ನೆನಪಿಗೆಂದು ಮಗಳು ತನ್ನ ದುಡಿಮೆಯ ಹಣದಿಂದ ಮೈಸೂರಿನ ಲಲಿತಮಹಲ್ ಅರಮನೆಯ ಹೋಟೆಲಿನಲ್ಲಿ ಎರಡು ರಾತ್ರಿಗಳಿಗೆ ಕೋಣೆಯನ್ನು ಕಾಯ್ದಿರಿಸಿದ್ದಳು. ನಿಗದಿಯಾದ ದಿನದೊಳಗೆ ಬೇಡವೆಂದು ತಿಳಿಸಿದರೆ ಹಣ ಹಿಂದಿರುಗುವ ಕರಾರಿತ್ತು. ಆ ದಿನಕ್ಕೆ ಇನ್ನು ಒಂದು ವಾರವಿರುವಾಗ ಮನೆಯಲ್ಲಿ ಚರ್ಚೆ ಮೊದಲಾಯಿತು.

ಅಳಿಯಂದಿರು ವಿವೇಕಿಗಳು, ಹಿತವನ್ನೇ ಬಯಸುವವರು. “ಮಾವನವರೇ, ಅದು ನೂರು ವರ್ಷದ ಕಟ್ಟಡ. ನೋಡುವುದಕ್ಕೆ ಚೆಂದ, ಇರುವುದಕ್ಕೆ ಹೇಗೋ ಏನೋ. ಅತ್ತೆಯವರಿಗೆ ಮಂಡಿ ನೋವು. ಅದೇ ಹಣಕ್ಕೆ ಊರಲ್ಲಿ ಹೊಸ ಹೋಟೆಲುಗಳಿವೆ. ಅಲ್ಲಿ ಉಳಿದುಕೊಂಡು, ಅರಮನೆಗೆ ಒಂದು ಹೊತ್ತು ಊಟಕ್ಕೆ ಹೋಗಿಬನ್ನಿ” ಎಂದರು. ನೆಂಟರೊಬ್ಬರು ತಮಗೆ ಯಾರೋ ಹೇಳಿದ್ದನ್ನು ನಮಗೆ ಹೇಳಿದರು. ಯಾರೋ ಹೇಳಿದ್ದು ಎಂಬುದರ ಆಚೆಗೆ ಆ ಮಾತಿಗೆ ಆಧಾರವಿರಲಿಲ್ಲವಾದುದರಿಂದ ಅದನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಕೇಳಿದ ಮಾತಿನಿಂದ ಮನುಷ್ಯನ ಹೆಸರನ್ನು ಕೆಡಿಸಬಾರದಷ್ಟೆ. ಮನೆಯ ಹೆಸರಿಗೂ ಅದೇ ನ್ಯಾಯ ಸಲ್ಲಬೇಕು.

ನಮ್ಮ ಸಂಕೋಚ ಬೇರೆಯದು. ಮಠದ ಪಾಠಶಾಲೆಯಲ್ಲಿ ಚಾಪೆಯ ಮೇಲೆ ಮಲಗಿ, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ನಾಲ್ಕಕ್ಷರ ಕಲಿತವರು ನಾವು. ನಮಗೆ ಅರಮನೆಯ ಮಂಚ ಏತಕ್ಕೆ ಎಂಬುದೊಂದು. ಮುಂಜಾನೆ ಐದಕ್ಕೆ ಸ್ನಾನ ಮಾಡಿ ಲಿಂಗಪೂಜೆಗೆ ಕೂಡುವವರಿಗೆ ಅಲ್ಲಿ ಅನುಕೂಲವಾದೀತೆ ಎಂಬುದು ಇನ್ನೊಂದು. ಆ ಎರಡು ರಾತ್ರಿಯ ಬಾಡಿಗೆಯಲ್ಲಿ ಮಠವೊಂದರ ದಾಸೋಹದಲ್ಲಿ ಎಷ್ಟು ಮಕ್ಕಳ ಊಟ ನಡೆದೀತು ಎಂಬ ಲೆಕ್ಕವೂ ಮನಸ್ಸಿನಲ್ಲಿ ಓಡಾಡುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ನೆರಳಿನಲ್ಲಿ ಬೆಳೆದವರಿಗೆ ಇಂತಹ ಲೆಕ್ಕ ತಪ್ಪಿದ್ದಲ್ಲ.

ನಿರ್ಧಾರಕ್ಕೆ ಮೊದಲು ವಸ್ತುವನ್ನು ತಿಳಿಯಬೇಕೆಂಬುದು ಶಾಸ್ತ್ರ ಓದಿದವರ ಪದ್ಧತಿ. ಲಲಿತಮಹಲಿನ ಇತಿಹಾಸ ಸ್ವಾರಸ್ಯವಾದುದು. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಇದರ ನಿರ್ಮಾಣಕ್ಕೆ ತೊಡಗಿದುದು ತಮ್ಮ ವಾಸಕ್ಕಾಗಿ ಅಲ್ಲ. ಮೈಸೂರಿಗೆ ಬರುವ ವೈಸರಾಯರ ವಸತಿಗಾಗಿ. ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ಇದನ್ನು ರೂಪಿಸಿದರು. ನಡುವಿನ ದೊಡ್ಡ ಗುಮ್ಮಟವು ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ನೆನಪಿಸುವಂತಹುದು. ಜೋಡಿ ಕಂಬಗಳ ಸಾಲು, ಇಟಲಿಯ ಅಮೃತಶಿಲೆಯ ಮೆಟ್ಟಿಲು, ನೃತ್ಯಕ್ಕೆಂದು ಮಾಡಿದ ವಿಶಾಲವಾದ ಸಭಾಂಗಣ ಇವೆಲ್ಲ ಪಶ್ಚಿಮದ ಅತಿಥಿಗಳ ಅಭಿರುಚಿಗೆ ತಕ್ಕವು. ಚಾಮುಂಡಿ ಬೆಟ್ಟದ ಬದಿಯಲ್ಲಿ, ಊರಿನ ಪೂರ್ವಕ್ಕೆ, ಏರು ನೆಲದ ಮೇಲೆ ಅಚ್ಚ ಬಿಳುಪಿನ ಈ ಕಟ್ಟಡ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಇದೇ ಅರಸರು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವನ್ನು ಆರಂಭಿಸಿದವರು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವರು. ರೈತನಿಗೆ ನೀರು, ವಿದ್ಯಾರ್ಥಿಗೆ ಪಾಠ, ಆಳುವ ಪರದೇಶೀಯನಿಗೆ ಅರಮನೆ. ಮೂರೂ ಒಂದೇ ಕೈಯಿಂದ ಆದವು. ಅಂದಿನ ಅರಸೊತ್ತಿಗೆಯ ಅನಿವಾರ್ಯತೆಯನ್ನು ಬಲ್ಲವರು ಮೂರನೆಯದನ್ನು ಹಗುರವಾಗಿ ನೋಡಲಾರರು. ಆದರೂ ಒಂದು ಮಾತು ಉಳಿಯುತ್ತದೆ: ಅತಿಥಿಗಾಗಿ ಕಟ್ಟಿದ ಆ ಮನೆಯಲ್ಲಿ ನಾಡಿನ ಸಾಮಾನ್ಯ ಪ್ರಜೆ ಅತಿಥಿಯಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ದೇಶದ ಅರಮನೆಗಳ ಪಾಡು ಬದಲಾಯಿತು. ಜಯಪುರದ ರಾಮಬಾಗ್ 1957ರಲ್ಲಿ ಹೋಟೆಲಾಯಿತು. ಉದಯಪುರದ ಸರೋವರದ ನಡುವಣ ಅರಮನೆ 1963ರಲ್ಲಿ ಅದೇ ದಾರಿ ಹಿಡಿಯಿತು. 1971ರ ಸಂವಿಧಾನ ತಿದ್ದುಪಡಿಯಿಂದ ಅರಸರ ರಾಜಧನ ನಿಂತ ಮೇಲಂತೂ ಇಂತಹ ಮನೆಗಳನ್ನು ಉಳಿಸಿಕೊಳ್ಳಲು ಬಾಗಿಲು ತೆರೆಯುವುದಲ್ಲದೆ ಬೇರೆ ಉಪಾಯ ಬಹಳ ಮಂದಿಗೆ ಕಾಣಲಿಲ್ಲ. ಲಲಿತಮಹಲು 1974ರಲ್ಲಿ ಹೋಟೆಲಾಗಿ, ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಧೀನದಲ್ಲಿ ದಶಕಗಳ ಕಾಲ ನಡೆದು, 2018ರಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕೈಗೆ ಬಂದಿತು. ನೃತ್ಯದ ಸಭಾಂಗಣ ಭೋಜನಶಾಲೆಯಾಯಿತು. ವೈಸರಾಯರಿಗೆ ಮಾತ್ರ ತೆರೆದಿದ್ದ ಬಾಗಿಲು ಬಾಡಿಗೆ ಕೊಡಬಲ್ಲ ಯಾರಿಗಾದರೂ ತೆರೆಯಿತು. ‘ಬಾಡಿಗೆ ಕೊಡಬಲ್ಲ’ ಎಂಬ ಮಾತಿನಲ್ಲಿ ಒಂದು ಕೊರತೆ ಇದ್ದೇ ಇದೆ. ಆದರೂ ಹಿಂದಿನದಕ್ಕಿಂತ ಇದು ಅಗಲವಾದ ಬಾಗಿಲು.

ಇಂತಹ ಕಟ್ಟಡಗಳು ಏಕೆ ಮುಪ್ಪಾಗುತ್ತವೆ ಎಂಬುದನ್ನೂ ತಿಳಿದಿರುವುದು ಒಳಿತು. ಹಳೆಯ ಕಾಲದ ಗೋಡೆಗಳಿಗೆ ಸುಣ್ಣದ ಗಾರೆ. ಸುಣ್ಣ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಮುಂದೆ ರಿಪೇರಿಗೆ ಬಂದವರು ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಉಬ್ಬುತ್ತದೆ, ಬಣ್ಣ ಕಳಚುತ್ತದೆ. ಹಳೆಯ ಕಬ್ಬಿಣದ ಕೊಳವೆಗಳಲ್ಲಿ ವರ್ಷಗಳ ತುಕ್ಕು, ಗಸಿ ಕಟ್ಟಿಕೊಂಡು ನೀರಿನ ಓಟ ಕುಗ್ಗುತ್ತದೆ. ಗೋಡೆ ಒಡೆದು ಹೊಸ ಕೊಳವೆ ಹಾಕೋಣವೆಂದರೆ ಪಾರಂಪರಿಕ ಕಟ್ಟಡ, ಮನಬಂದಂತೆ ಒಡೆಯಲಾಗದು. ಎಲ್ಲಕ್ಕಿಂತ ಮಿಗಿಲಾದುದು ಲೆಕ್ಕಾಚಾರದ ತೊಡಕು. ಹೊಸ ಹೋಟೆಲಿನಲ್ಲಿ ನೆಲದ ಬಹುಪಾಲು ಬಾಡಿಗೆ ತರುವ ಕೋಣೆಗಳಿಗೆ ಹೋಗುತ್ತದೆ. ಅರಮನೆಯಲ್ಲಿ ಬಹುಪಾಲು ಮೊಗಸಾಲೆಗೆ, ಮೆಟ್ಟಿಲಿಗೆ, ಗುಮ್ಮಟಕ್ಕೆ ಹೋಗುತ್ತದೆ. ಬಾಡಿಗೆ ತರುವ ಕೋಣೆಗಳು ಕೆಲವು. ಗುಡಿಸಿ ಒರೆಸಿ ಬಣ್ಣ ಬಳಿಯಬೇಕಾದ ಜಾಗ ಅಪಾರ. ಅತಿಥಿಗಳು ಕಡಿಮೆಯಾದಂತೆ ಆದಾಯ ಇಳಿಯುತ್ತದೆ. ಆದಾಯ ಇಳಿದಂತೆ ರಿಪೇರಿ ಮುಂದಕ್ಕೆ ಹೋಗುತ್ತದೆ. ರಿಪೇರಿ ಮುಂದಕ್ಕೆ ಹೋದಂತೆ ಅತಿಥಿಗಳು ಇನ್ನಷ್ಟು ಕಡಿಮೆಯಾಗುತ್ತಾರೆ. ಇದು ಯಾವುದೋ ಒಂದು ಮನೆಯ ದೋಷವಲ್ಲ. ಆ ಜಾತಿಯ ಮನೆಗಳೆಲ್ಲದರ ಹಣೆಬರಹ.

ಕಲ್ಕತ್ತೆಯ ಗ್ರೇಟ್ ಈಸ್ಟರ್ನ್ ಹೋಟೆಲು ಇದಕ್ಕೆ ನಿದರ್ಶನ. 1840ರ ಸುಮಾರಿಗೆ ಹುಟ್ಟಿ ಪೂರ್ವದೇಶಗಳಲ್ಲೆಲ್ಲ ಹೆಸರಾಗಿದ್ದ ಆ ಮನೆ ಕ್ರಮೇಣ ಸೊರಗಿ, ಸರ್ಕಾರದ ಕೈಗೆ ಹೋಗಿ, ಕೊನೆಗೆ 2005ರಲ್ಲಿ ಮಾರಾಟವಾಯಿತು. ಜೀರ್ಣೋದ್ಧಾರವಾಗಿ ಮತ್ತೆ ಬಾಗಿಲು ತೆರೆದುದು 2013ರಲ್ಲಿ. ಮುಂಬಯಿಯ ತಾಜ್ ಹೋಟೆಲಿನ ಕಥೆ ಇನ್ನೊಂದು ಬಗೆಯದು. 1903ರಲ್ಲಿ ಆರಂಭವಾದ ಅದರ ಮೇಲೆ 2008ರ ನವೆಂಬರಿನಲ್ಲಿ ಭಯೋತ್ಪಾದಕರು ಎರಗಿದಾಗ, ಅಲ್ಲಿಯ ಸಿಬ್ಬಂದಿ ತಮ್ಮ ಪ್ರಾಣವನ್ನು ಪಣವಿಟ್ಟು ಅತಿಥಿಗಳನ್ನು ಕಾಪಾಡಿದರು. ಹಲವರು ಪ್ರಾಣವನ್ನೇ ತೆತ್ತರು. ಬೆಂದ ಕಟ್ಟಡ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಜಗತ್ತು ಇಂದಿಗೂ ಆ ಮನೆಯನ್ನು ಗೌರವದಿಂದ ನೆನೆಯುವುದು ಗುಮ್ಮಟಕ್ಕಾಗಿಯೇ? ಅಲ್ಲ. ತಟ್ಟೆ ಹಿಡಿದು ನಿಂತಿದ್ದ ಕೈಗಳಿಗಾಗಿ. ಕಾಯಕವೆಂದು ನಮ್ಮ ಶರಣರು ಕರೆದುದು ಇದನ್ನೇ ಅಲ್ಲವೆ?

ಇಲ್ಲಿಗೆ ನಮ್ಮ ವಿಚಾರ ಒಂದು ದಡಕ್ಕೆ ಬಂದಂತಾಯಿತು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕೂ ಜಂಗಮಕ್ಕೂ ಇರುವ ಅಂತರವನ್ನು ಅರಿತು ನುಡಿದವರು. ನಿಂತ ಕಲ್ಲಿಗಿಂತ ನಡೆಯುವ ಚೈತನ್ಯ ದೊಡ್ಡದೆಂಬುದು ಅವರ ನಿಲುವು. ಹೋಟೆಲೂ ಒಂದು ಸ್ಥಾವರವೇ. ಅದು ಹಳೆಯದಾಯಿತೆಂದು ತಿರಸ್ಕರಿಸುವವನೂ, ಭವ್ಯವಾಗಿದೆಯೆಂದು ಮರುಳಾಗುವವನೂ ಇಬ್ಬರೂ ಕಲ್ಲನ್ನೇ ನೋಡುತ್ತಿದ್ದಾರೆ. ನೋಡಬೇಕಾದುದು ಮನುಷ್ಯರನ್ನು: ಹೋಗುವವರು ಯಾರು, ಅವರಿಗೆ ಬೇಕಾದುದೇನು, ಅಲ್ಲಿ ಎದುರುಗೊಳ್ಳುವವರು ಎಂಥವರು.

ಹೋಗುವವರಲ್ಲಿ ಮುಖ್ಯರಾದವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ಮನೆಯವರು ತಿರುಮಕೂಡಲು ನರಸೀಪುರದ ಕಡೆಯವರು. ಬಾಲ್ಯದಲ್ಲಿ ತಂದೆಯೊಡನೆ ಬಸ್ಸಿನಲ್ಲಿ ಮೈಸೂರಿಗೆ ಬರುವಾಗ, ಊರು ಹತ್ತಿರವಾಯಿತೆಂಬುದಕ್ಕೆ ಆ ಬಿಳಿಯ ಗುಮ್ಮಟವೇ ಅವರಿಗೆ ಗುರುತು. “ಅಪ್ಪಾ, ಅದರೊಳಗೆ ಯಾರಿದ್ದಾರೆ?” ಎಂದು ಕೇಳಿದರೆ, “ದೊಡ್ಡವರು ಬಂದಾಗ ಇರ್ತಾರೆ, ಮಗ” ಎಂಬುದು ತಂದೆಯ ಉತ್ತರ. ಅಳಿಯಂದಿರ ಸಲಹೆಯನ್ನು ತಿಳಿಸಿ, ಊಟಕ್ಕೆ ಮಾತ್ರ ಹೋಗಿಬಂದರೆ ಆಗದೆ ಎಂದು ನಾವು ಕೇಳಿದೆವು. ಹೂ ಕಟ್ಟುತ್ತ ಕುಳಿತಿದ್ದ ಅವರು ತಲೆ ಎತ್ತದೆಯೇ ಹೇಳಿದರು: “ನೋಡಿ, ನನಗೆ ಅರಮನೆಯ ಸುಖ ಬೇಕೆಂದಲ್ಲ. ಊಟಕ್ಕೆ ಹೋದರೆ ನೋಡೋಕೆ ಬಂದವರಾಗ್ತೇವೆ. ಉಳಿದುಕೊಂಡರೆ ಅತಿಥಿಗಳಾಗ್ತೇವೆ. ನಮ್ಮಪ್ಪ ಹೇಳಿದ ದೊಡ್ಡವರ ಸಾಲಿನಲ್ಲಿ ಒಂದು ರಾತ್ರಿ ನಾನೂ ಇದ್ದು ಬರ್ತೀನಿ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಬರಲಿ. ನಮ್ಮೂರಲ್ಲಿ ಬಾವಿಯಿಂದ ಸೇದಿದವಳು ನಾನು.”

ಈ ಮಾತಿನ ಮುಂದೆ ನಮ್ಮ ತರ್ಕಶಾಸ್ತ್ರ ಬಹಳ ಹೊತ್ತು ನಿಲ್ಲಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಅವರೂ ಬಲ್ಲರು. ಬೆಟ್ಟ ನುಣ್ಣಗಿದೆಯೆಂದು ಅವರು ಹೊರಟವರಲ್ಲ. ಹತ್ತಿರ ಹೋಗುವ ಹಕ್ಕು ತಮಗೂ ಇದೆಯೆಂದು ಹೊರಟವರು.

ಆದರೆ ಇಚ್ಛೆ ಗೌರವಕ್ಕೆ ಪಾತ್ರವಾದುದೆಂಬ ಕಾರಣಕ್ಕೆ ವಿಚಾರಣೆಯನ್ನು ಕೈಬಿಡಬೇಕಾಗಿಲ್ಲ. ನೇರವಾಗಿ ಹೋಟೆಲಿಗೇ ಫೋನು ಮಾಡಿ ಕೇಳಿದೆವು. ಕೋಣೆ ನೆಲಮಟ್ಟದಲ್ಲಿದೆಯೆ, ಮೆಟ್ಟಿಲೆಷ್ಟು? ಮುಂಜಾನೆ ಐದಕ್ಕೆ ಬಿಸಿನೀರು ದೊರೆಯುವುದೆ? ಸ್ನಾನದ ಮನೆಯಲ್ಲಿ ಹಿಡಿದು ನಿಲ್ಲಲು ಆಸರೆಯಿದೆಯೆ? ಸಸ್ಯಾಹಾರದ ಅಡುಗೆಯ ವ್ಯವಸ್ಥೆ ಹೇಗೆ? ಆ ದಿನಗಳಲ್ಲಿ ಅಂಗಳದಲ್ಲಿ ಮದುವೆ ಮುಂತಾದ ಸಮಾರಂಭಗಳಿವೆಯೆ? ಮಾತನಾಡಿದವರು ಅವಸರ ಮಾಡದೆ ಒಂದೊಂದಕ್ಕೂ ಉತ್ತರಿಸಿದರು. ತಿಳಿಯದುದನ್ನು ವಿಚಾರಿಸಿ ಮತ್ತೆ ತಾವೇ ಫೋನು ಮಾಡಿ ತಿಳಿಸಿದರು. ಆ ಸೌಜನ್ಯವೇ ನಮಗೆ ಅರ್ಧ ಉತ್ತರವಾಯಿತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಶಿವನನ್ನು ನಂಬಿದವನಿಗೆ ಎಲ್ಲ ದಿನವೂ ಶುಭದಿನವೆಂದು ಬೋಧಿಸುವ ನಾವು ಆ ಸಲ ಪಂಚಾಂಗವನ್ನು ತೆರೆದೆವು! ಶುಭವನ್ನು ನೋಡಲು ಅಲ್ಲ, ನಿದ್ರೆಯನ್ನು ನೋಡಲು. ಲಗ್ನಗಳ ಕಾಲದಲ್ಲಿ ದೊಡ್ಡ ಹೋಟೆಲುಗಳ ಅಂಗಳದಲ್ಲಿ ವಾದ್ಯಗಳ ಗದ್ದಲ ತಪ್ಪದು. ನಮ್ಮ ದಿನಗಳು ಧನುರ್ಮಾಸದಲ್ಲಿ ಬಿದ್ದಿದ್ದುದರಿಂದ ಮುಹೂರ್ತ ನಂಬುವವರ ಕೃಪೆಯಿಂದ ನಮಗೆ ನಿಶ್ಶಬ್ದ ದೊರೆಯುವಂತಿತ್ತು.

ಹೊಸದಾದುದೆಲ್ಲ ಅನುಕೂಲವೆಂಬ ಭಾವನೆಯನ್ನೂ ಒರೆಗೆ ಹಚ್ಚಬೇಕು. ಹಿಂದೊಮ್ಮೆ ಉಪನ್ಯಾಸಕ್ಕೆಂದು ಹೋದ ಊರಿನಲ್ಲಿ ನಮ್ಮನ್ನು ಹೊಚ್ಚಹೊಸ ಹೋಟೆಲೊಂದರಲ್ಲಿ ಇಳಿಸಿದ್ದರು. ಊರಿನ, ಹೋಟೆಲಿನ ಹೆಸರು ಬೇಡ. ಎಲ್ಲವೂ ಥಳಥಳ. ಆದರೆ ಕಿಟಕಿ ತೆರೆಯುವಂತಿರಲಿಲ್ಲ. ರಾತ್ರಿ ಯಂತ್ರದ ತಂಪು ನಿಂತಾಗ ಉಸಿರಿಗೆ ಗಾಳಿಯಿಲ್ಲದೆ ಬಾಗಿಲು ತೆರೆದು ಕುಳಿತೆವು. ಹಳೆಯ ಮನೆಗಳ ಎತ್ತರದ ಸೂರಿಗೆ ಬಿಸಿಗಾಳಿ ಏರಿಹೋಗುತ್ತದೆ. ದಪ್ಪ ಗೋಡೆ ಹಗಲ ಕಾವನ್ನು ಬೇಗ ಒಳಬಿಡದು. ಮೊಗಸಾಲೆ ನೆರಳು ಕೊಡುತ್ತದೆ. ಹಿಂದಿನವರು ವಿದ್ಯುತ್ತನ್ನು ನಂಬದೆ ಕಟ್ಟಿದ ಅನುಕೂಲಗಳಿವು. ಹೊಸತಿಗೂ ಹಳತಿಗೂ ಅವುಗಳದೇ ಗುಣ, ಅವುಗಳದೇ ಕೊರತೆ. ಆಯ್ಕೆ ಮಾಡುವವನು ತನಗೆ ಯಾವ ಕೊರತೆ ಸಹ್ಯವೆಂಬುದನ್ನು ತಿಳಿದಿದ್ದರೆ ಸಾಕು.

ಇನ್ನು ಉಳಿದುದು ದಾಸೋಹದ ಲೆಕ್ಕ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿಯೇ ಇನ್ನೊಂದು ಮನೆಯಿದೆ: ಸುತ್ತೂರು ವೀರಸಿಂಹಾಸನ ಮಠದ ಮೈಸೂರಿನ ಮಠ. ಮೂಲಮಠ ಕಪಿಲಾ ನದಿಯ ದಡದ ಸುತ್ತೂರಿನಲ್ಲಿದೆ. ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗೆ ಅನ್ನ, ವಸತಿಗಳನ್ನು ಕಲ್ಪಿಸಿದವರು. 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದವರು. ಒಂದೇ ಬೆಟ್ಟದ ಆಶ್ರಯದಲ್ಲಿ ಎರಡು ಬಗೆಯ ಆತಿಥ್ಯ! ಒಂದು ಒಬ್ಬ ದೊಡ್ಡ ಅತಿಥಿಗಾಗಿ ಕಟ್ಟಿದ್ದು. ಇನ್ನೊಂದು ಹಸಿದು ಬಂದ ಯಾರಿಗಾದರೂ ಎಲೆ ಹಾಕುವುದು. ನಮ್ಮ ಮನಸ್ಸು ಯಾವುದರ ಕಡೆಗೆ ವಾಲುವುದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಒಂದನ್ನು ಪ್ರೀತಿಸುವುದಕ್ಕೆ ಇನ್ನೊಂದನ್ನು ಹಳಿಯಬೇಕೆಂಬ ನಿಯಮವಿಲ್ಲ. ಮಗಳ ಪ್ರೀತಿಯ ಕಾಣಿಕೆಯನ್ನು ನಮ್ಮ ವೈರಾಗ್ಯದ ಹೆಸರಿನಲ್ಲಿ ಹಿಂದಿರುಗಿಸಿದರೆ ಅದು ವೈರಾಗ್ಯವಲ್ಲ, ಅಹಂಕಾರ. ಸ್ವೀಕರಿಸುವುದೂ ಒಂದು ಸಾಧನೆ. ಮನೆಯವರ ನಲವತ್ತು ವರ್ಷಗಳ ದುಡಿಮೆಯನ್ನು ದಾಸೋಹದ ಲೆಕ್ಕದಲ್ಲಿ ಸೇರಿಸದೆ, ಅವರ ಒಂದು ರಾತ್ರಿಯ ಬಾಡಿಗೆಯನ್ನು ಮಾತ್ರ ಆ ಲೆಕ್ಕಕ್ಕೆ ಎಳೆಯುವುದು ನ್ಯಾಯವೂ ಅಲ್ಲ.

ಎಲ್ಲರೂ ಕೂಡಿ ಒಂದು ತೀರ್ಮಾನಕ್ಕೆ ಬಂದೆವು. ಎರಡು ರಾತ್ರಿಗಳಲ್ಲಿ ಒಂದನ್ನು ಉಳಿಸಿಕೊಳ್ಳುವುದು, ಒಂದನ್ನು ಅವಧಿಯೊಳಗೆ ಬಿಟ್ಟುಕೊಡುವುದು. ಹಿಂದಿರುಗಿದ ಹಣ ಮಠದ ದಾಸೋಹಕ್ಕೆ ಸಲ್ಲುವುದು. ಕೊಟ್ಟವಳು ಮಗಳಾದುದರಿಂದ ಅವಳ ಒಪ್ಪಿಗೆಯಿಲ್ಲದೆ ಇದನ್ನು ಮಾಡುವಂತಿರಲಿಲ್ಲ. “ಅಪ್ಪಾಜಿ, ನಿಮಗೊಂದು ರಾತ್ರಿ, ಅವ್ವನಿಗೊಂದು ರಾತ್ರಿ ಅಂತಲೇ ಎರಡು ಮಾಡಿದ್ದೆ. ನಿಮ್ಮದನ್ನು ನೀವು ಯಾರಿಗಾದರೂ ಕೊಡಿ, ಅವ್ವನದನ್ನು ಮುಟ್ಟಬೇಡಿ” ಎಂದು ನಕ್ಕಳು. ಅಳಿಯಂದಿರು ತಾವೇ ಕಾರಿನಲ್ಲಿ ಬಿಟ್ಟುಬರುವುದಾಗಿ ಹೇಳಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಹೋದೆವು, ಉಳಿದೆವು. ವಯಸ್ಸಾದ ಮನೆಗೆ ವಯಸ್ಸಾದವರು ಹೋದಂತಾಯಿತು. ಅವಸರವಿಲ್ಲದೆ ನಡೆಯುವುದು ಇಬ್ಬರಿಗೂ ಒಗ್ಗಿದ ರೀತಿ. ಮುಂಜಾನೆ ಎತ್ತರದ ಕಿಟಕಿಯ ಬಳಿ ಕುಳಿತು ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡಾಗ, ಅರಮನೆಯೂ ಮಠದ ಚಾಪೆಯೂ ಒಂದೇ ಎನಿಸಿತು. ದೇವರು ಅಂಗೈಯಲ್ಲಿರುವವನಿಗೆ ಬಿಡಾರ ಯಾವುದಾದರೇನು? ಉಪಾಹಾರದ ವೇಳೆ ಆ ದೊಡ್ಡ ಸಭಾಂಗಣದಲ್ಲಿ ಇಡ್ಲಿ ತಂದಿಟ್ಟ ಹಿರಿಯ ನೌಕರರೊಬ್ಬರು ಮನೆಯವರನ್ನು “ಇನ್ನೊಂದು ಹಾಕಲೇ ತಾಯಿ?” ಎಂದು ಕೇಳಿದರು. ಪಂಕ್ತಿಯಲ್ಲಿ ಬಡಿಸುವವರು ಕೇಳುವ ಮಾತೂ ಅದೇ. ಮನೆಯವರು ಮಂಡಿ ನೋವನ್ನು ಮರೆತು ಅಮೃತಶಿಲೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದರು. ಅಂದು ಮಧ್ಯಾಹ್ನ ಮಠಕ್ಕೆ ಹೋಗಿ ಕಾಣಿಕೆ ಸಲ್ಲಿಸಿ, ಪ್ರಸಾದ ಸ್ವೀಕರಿಸಿ ಊರಿಗೆ ಹೊರಟೆವು.

ಓದುಗ ಬಂಧುಗಳಲ್ಲಿ ಯಾರಿಗಾದರೂ ಇಂತಹ ಸಂದಿಗ್ಧ ಬಂದರೆ ನಾಲ್ಕು ಮಾತು ನೆನಪಿರಲಿ. ಕಟ್ಟಡದ ವಯಸ್ಸನ್ನು ನೋಡಿ ಹೆದರಬೇಡಿ, ಅದರ ವೈಭವವನ್ನು ನೋಡಿ ಮರುಳಾಗಲೂ ಬೇಡಿ. ನಿಮ್ಮೊಡನೆ ಬರುವ ಹಿರಿಯರ ಮಂಡಿ, ನಿದ್ರೆ, ಊಟ, ಪೂಜೆಗಳಿಗೆ ಬೇಕಾದುದನ್ನು ನೇರವಾಗಿ ಕೇಳಿ ತಿಳಿಯಿರಿ. ಉತ್ತರಿಸುವವರ ಧ್ವನಿಯನ್ನೂ ಗಮನಿಸಿ. ಬಿಡುವುದಾದರೆ ಅವಧಿಯೊಳಗೆ ತಿಳಿಸಿ ಬಿಡಿ. ಕಾದಿರಿಸಿದ ಕೋಣೆಯೂ ಕೊಟ್ಟ ಮಾತೇ, ಅದನ್ನು ನಂಬಿ ಅಲ್ಲಿ ಯಾರೋ ಹಾಸಿಗೆ ಹಾಸಿರುತ್ತಾರೆ. ಎಲ್ಲಕ್ಕೂ ಮೊದಲು, ಯಾರಿಗಾಗಿ ಹೊರಟಿರೋ ಅವರನ್ನೇ ಕೇಳಿ. ನಾವೆಲ್ಲ ಅವರ ಹಿತಕ್ಕಾಗಿ ವಾದಿಸುತ್ತಿರುವಾಗ, ಅವರು ಹೂ ಕಟ್ಟುತ್ತ ಉತ್ತರವನ್ನು ಕೈಯಲ್ಲಿ ಹಿಡಿದು ಕುಳಿತಿರುತ್ತಾರೆ.